ನನ್ನೊಳಗಿದ್ದ ಕೀಲಿನ ಹೆಸರು

"ನಿಮಗೆ ಹಾಕಿರೋದು ಯಾವ ಮಾಡೆಲ್ ಕೀಲು ಅಂತ ಗೊತ್ತಾ?" ಎಂದು ಎರಡನೇ ಡಾಕ್ಟರು ಕೇಳಿದಾಗ ನಾನು "ಬಲಗಡೆಯದು" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ನಾಲ್ಕು ವರ್ಷದ ಹಿಂದೆ ನನ್ನ ಬಲ ಸೊಂಟಕ್ಕೆ ಕೃತಕ ಕೀಲು ಹಾಕಿದ್ದರು. ಅಂದಿನಿಂದ ನನ್ನ ತೊಡೆಮೂಳೆಯೊಳಗೆ ಒಂದು ಲೋಹದ ಕಡ್ಡಿ ಇತ್ತು. ಅದರ ತುದಿಗೆ ಒಂದು ಗುಂಡು, ಆ ಗುಂಡು ಕೂರುವುದಕ್ಕೆ ಒಂದು ಬಟ್ಟಲು. ದಿನಾ ಅವುಗಳ ಮೇಲೇ ಭಾರ ಹಾಕಿ ನಡೆಯುತ್ತಿದ್ದೆ. ಅವು ಏನು, ಎಲ್ಲಿಂದ ಬಂದವು ಎಂದು ಒಂದು ದಿನವೂ ಕೇಳಿರಲಿಲ್ಲ.

ಆ ಹೆಸರು ಹುಡುಕುವುದಕ್ಕೆ ಐದು ತಿಂಗಳು ಹಿಡಿಯಿತು. ಮುಂದೆ ಚಿಕಿತ್ಸೆಗೂ ಕೇಸಿಗೂ ಎಲ್ಲರೂ ಕೇಳಿದ್ದು ಅದನ್ನೇ. ನೀವೋ ನಿಮ್ಮ ಮನೆಯವರೋ ಕೃತಕ ಕೀಲು ಹಾಕಿಸಿಕೊಂಡಿದ್ದರೆ, ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಆ ಫೈಲು ಎಲ್ಲಿದೆ ಎಂದು ಒಮ್ಮೆ ನೋಡಿ ಬನ್ನಿ.

ನನಗೆ ಆಪರೇಷನ್ ಆಗಿದ್ದು 2008ರಲ್ಲಿ. ಆಗ ನನಗೆ 46 ವರ್ಷ. ತೊಡೆಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಒಳಗೇ ಕುಸಿದಿತ್ತು. "ನೀವಿನ್ನೂ ಚಿಕ್ಕವರು, ಓಡಾಡೋರು. ಪ್ಲಾಸ್ಟಿಕ್ ಬಟ್ಟಲು ಸವೆದುಹೋಗುತ್ತೆ. ಲೋಹದ ಮೇಲೆ ಲೋಹ ಹಾಕೋಣ, ಬಾಳಿಕೆ ಜಾಸ್ತಿ" ಎಂದರು ಸರ್ಜನ್. ಇದು ಅವರೊಬ್ಬರ ಮಾತಲ್ಲ. ಆ ಕಾಲಕ್ಕೆ ಎಷ್ಟೋ ದೇಶಗಳ ಸರ್ಜನ್‌ಗಳು ಹಾಗೇ ನಂಬಿದ್ದರು. ಗುಂಡು ದೊಡ್ಡದಿದ್ದಷ್ಟೂ ಕೀಲು ಜಾರಿ ಆಚೆ ಬರುವುದು ಕಡಿಮೆ ಎಂಬ ಲೆಕ್ಕವೂ ಇತ್ತು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಿಟ್ಟು ಇರುವುದು ಬೇರೆ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಮೂರು ವರ್ಷ ನಿಜಕ್ಕೂ ಚೆನ್ನಾಗಿದ್ದೆ. ನೋವು ಶುರುವಾದದ್ದು 2011ರಲ್ಲಿ, ತೊಡೆಸಂದಿನಲ್ಲಿ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಕಾರಿನಿಂದ ಕಾಲು ಹೊರಗಿಡುವಾಗ ಚುಳ್ಳೆನ್ನುತ್ತಿತ್ತು. ಕೆಲವು ತಿಂಗಳ ಮೇಲೆ ಸದ್ದೂ ಶುರುವಾಯಿತು. ರಾತ್ರಿ ಮಗ್ಗುಲು ಬದಲಿಸಿದರೆ ಕಟಕ್ ಅನ್ನುತ್ತಿತ್ತು. "ಏನೇ ಅದು ಸದ್ದು?" ಎಂದು ನಮ್ಮನೆಯವರು ಎದ್ದು ಕೂರುತ್ತಿದ್ದರು.

ಆಪರೇಷನ್ ಆದ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಸಿದೆವು. "ಕೀಲು ಎಲ್ಲಿತ್ತೋ ಅಲ್ಲೇ ಇದೆ, ಏನೂ ಆಗಿಲ್ಲ" ಎಂದರು. ಸ್ನಾಯು ಸಡಿಲವಾಗಿದೆ, ವ್ಯಾಯಾಮ ಮಾಡಿ ಎಂದರು. ಎಂಟು ತಿಂಗಳು ತಪ್ಪದೆ ಮಾಡಿದೆ. ಮೂರನೇ ಸಲ ಹೋದಾಗ ಬೇರೆ ಯಾರೋ ಚಿಕ್ಕ ಡಾಕ್ಟರು ಇದ್ದರು. "ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಮೇಡಂ" ಎಂದುಬಿಟ್ಟರು. ನೋವಿಗಿಂತ ಆ ಮಾತು ಜಾಸ್ತಿ ಚುಚ್ಚಿತು. ಎಷ್ಟೋ ದಿನ ನನಗೇ ಅನುಮಾನ ಬಂತು, ನಾನೇ ಸುಮ್ನೆ ದೊಡ್ಡದು ಮಾಡುತ್ತಿದ್ದೇನಾ ಅಂತ. ಲೋಹದ ಮೇಲೆ ಲೋಹ ಕೂರುವ ಕೀಲು ಹೆಂಗಸರಲ್ಲೇ ಜಾಸ್ತಿ ಕೈಕೊಡುತ್ತದೆ ಎಂದು ಆಮೇಲೆ ಓದಿದೆ. ಆ ಡಾಕ್ಟರಿಗೆ ಅದು ಗೊತ್ತಿರಬೇಕಿತ್ತು ಅಲ್ವಾ?

ಎಕ್ಸ್‌ರೇ ಚೆನ್ನಾಗಿದೆ ಎಂದರೆ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲೋಹ ಕಾಣುತ್ತದೆ. ಸುತ್ತಲಿನ ಮಾಂಸದಲ್ಲಿ ಏನಾಗಿದೆ ಎಂದು ಅದು ಹೇಳುವುದಿಲ್ಲ. ನನ್ನ ತೊಂದರೆ ಇದ್ದದ್ದು ಆ ಮಾಂಸದಲ್ಲಿ.

ಎರಡನೇ ಡಾಕ್ಟರು ಕೆಟ್ಟುಹೋದ ಕೀಲುಗಳನ್ನು ತೆಗೆದು ಮತ್ತೆ ಹಾಕುವುದರಲ್ಲಿ ಪಳಗಿದವರು. ಮಲಗಿಸಿ, ತೊಡೆಸಂದಿನ ಮೇಲೆ ಬೆರಳಿಟ್ಟು ನಿಧಾನವಾಗಿ ಒತ್ತಿದರು. "ಇಲ್ಲಿ ಮೆತ್ತಗೆ ಏನೋ ಇದೆ, ಗಮನಿಸಿದ್ದೀರಾ?" ಎಂದರು. ನಾನು ಗಮನಿಸಿರಲಿಲ್ಲ. ಆಮೇಲೇ ಮಾಡೆಲ್ ಯಾವುದು ಎಂದು ಕೇಳಿದ್ದು. ಅದು ಗೊತ್ತಿಲ್ಲದಿದ್ದರೂ ಅವರು ಕಾಯಲಿಲ್ಲ. ರಕ್ತದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಎಷ್ಟಿದೆ ನೋಡೋಣ ಎಂದು ಬರೆದುಕೊಟ್ಟರು.

ಆ ರಕ್ತ ಪರೀಕ್ಷೆ ನನಗೆ ಚೆನ್ನಾಗಿ ನೆನಪಿದೆ. ಸಿಸ್ಟರ್ ಮೊದಲು ಕೈಗೆ ಪ್ಲಾಸ್ಟಿಕ್ ನಳಿಗೆ ಹಾಕಿದರು. ಮೊದಲ ಟ್ಯೂಬು ತುಂಬಿಸಿ ಪಕ್ಕಕ್ಕಿಟ್ಟರು. "ಇದನ್ನ ಎಸೀತೀವಿ" ಎಂದರು. ಯಾಕೆ ಎಂದೆ. "ಸೂಜಿ ಸ್ಟೀಲಿಂದು ಅಲ್ವಾ ಅಮ್ಮಾ. ಅದರಿಂದ ಒಂದು ಚೂರು ಕ್ರೋಮಿಯಂ ಸೇರಿದರೂ ನಿಮ್ಮ ಮೈಯಲ್ಲಿರೋದು ಎಷ್ಟು ಅಂತ ಗೊತ್ತಾಗಲ್ಲ." ಎರಡನೇ ಟ್ಯೂಬಿನ ರಕ್ತವನ್ನು ಲ್ಯಾಬಿಗೆ ಕಳಿಸಿದರು. ಅದು ಬೇರೆ ಥರದ ಟ್ಯೂಬು, ಲೋಹದ ಅಂಶಗಳನ್ನು ಅಳೆಯುವುದಕ್ಕೇ ಇರುವಂಥದ್ದು. ಈ ಪರೀಕ್ಷೆ ಮಾಡಿಸುವುದಾದರೆ ಇದನ್ನು ಕೇಳಿ ತಿಳಿದುಕೊಳ್ಳಿ. ಮಾಮೂಲಿ ಟ್ಯೂಬಿನಲ್ಲಿ ತೆಗೆದ ರಕ್ತದ ಲೆಕ್ಕವನ್ನು ಡಾಕ್ಟರೂ ನಂಬುವುದಿಲ್ಲ, ಕೋರ್ಟಿನಲ್ಲಿ ಎದುರು ಪಕ್ಷದವರೂ ಬಿಡುವುದಿಲ್ಲ.

ಹತ್ತು ದಿನದ ಮೇಲೆ ವರದಿ ಬಂತು. ಕೋಬಾಲ್ಟ್ 31, ಕ್ರೋಮಿಯಂ 18. ಅಳತೆ ಪಿಪಿಬಿ, ಅಂದರೆ ನೂರು ಕೋಟಿ ಪಾಲಿನಲ್ಲಿ ಇಷ್ಟು ಪಾಲು ಎಂದು. ಬ್ರಿಟನ್ನಿನ ಔಷಧ ಮತ್ತು ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ 2010ರ ಏಪ್ರಿಲ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತ್ತು. ಲೋಹದ ಮೇಲೆ ಲೋಹದ ಕೀಲು ಇರುವವರಲ್ಲಿ ಇವೆರಡರಲ್ಲಿ ಯಾವುದಾದರೂ 7 ದಾಟಿದರೆ ಬಿಡದೆ ನಿಗಾ ಇಡಬೇಕು ಎಂದು ಅದರಲ್ಲಿತ್ತು. 7 ಎಂಬುದು ಇತ್ತ ಆರೋಗ್ಯ, ಅತ್ತ ರೋಗ ಎಂಬ ಗೆರೆಯಲ್ಲ. ಅದಕ್ಕಿಂತ ಕಡಿಮೆ ಇದ್ದವರಲ್ಲೂ ಒಳಗೆ ಮಾಂಸ ಹಾಳಾಗಿರುವುದುಂಟು. ಆದರೆ 31 ನೋಡಿ ಡಾಕ್ಟರ ಮುಖವೇ ಬದಲಾಯಿತು.

ಆಮೇಲೆ ಎಂಆರ್‌ಐ ಆಯಿತು. ಲೋಹ ಇದ್ದರೆ ಮಾಮೂಲಿ ಎಂಆರ್‌ಐ ಚಿತ್ರ ಕಲಸಿಹೋಗುತ್ತದೆ. ಅದನ್ನು ತಗ್ಗಿಸಿ ತೆಗೆಯುವ ಬೇರೆ ವಿಧಾನವಿದೆ, ಮಾರ್ಸ್ ಎನ್ನುತ್ತಾರೆ. ಅದರಲ್ಲಿ ಕೀಲಿನ ಮುಂದೆ ದ್ರವ ತುಂಬಿದ ಗಡ್ಡೆ ಕಾಣಿಸಿತು. ಇದಕ್ಕೆ ಸ್ಯೂಡೋಟ್ಯೂಮರ್ ಎನ್ನುತ್ತಾರೆ. "ಟ್ಯೂಮರ್" ಎಂದು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಣ್ಣಗಾಯಿತು. "ಕ್ಯಾನ್ಸರ್ ಅಲ್ಲ, ಖಂಡಿತ ಅಲ್ಲ" ಎಂದು ಡಾಕ್ಟರು ಎರಡು ಸಲ ಹೇಳಿದರು. ಸೋಂಕು ಇರಬಹುದಾ ಎಂದು ನೋಡಲು ಸೂಜಿ ಹಾಕಿ ದ್ರವ ತೆಗೆದರು. ಕೀವಿನ ಬಣ್ಣವಲ್ಲ, ರಕ್ತದ ಬಣ್ಣವಲ್ಲ, ಕೊಳೆ ನೀರಿನಂಥ ಬೂದು ಬಣ್ಣ. ಸೋಂಕು ಇರಲಿಲ್ಲ.

ಆಗಿದ್ದೇನೆಂದು ಅವರು ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಗುಂಡು ಮತ್ತು ಬಟ್ಟಲು ಎರಡೂ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹ. ಒಂದರ ಮೇಲೆ ಒಂದು ಉಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರುತ್ತದೆ. ಬಟ್ಟಲು ಆಳ ಕಡಿಮೆ ಇದ್ದರೆ ಗುಂಡು ಅಂಚಿನ ಮೇಲೆ ಕೂತು ಇನ್ನೂ ಜಾಸ್ತಿ ಸವೆಯುತ್ತದೆ. ದೇಹ ಆ ಪುಡಿಯನ್ನು ಹೊರಗಿನ ವೈರಿ ಎಂದು ಮುತ್ತಿಕೊಳ್ಳುತ್ತದೆ. ಮುತ್ತಿದ ಜೀವಕೋಶಗಳು ಸಾಯುತ್ತವೆ, ಪಕ್ಕದ ಸ್ನಾಯುವೂ ಸಾಯುತ್ತದೆ, ಮೂಳೆ ಕರಗುತ್ತದೆ. ಇನ್ನೊಂದು ಜಾಗವೂ ಇದೆ. ಗುಂಡು ಕಡ್ಡಿಯ ಕತ್ತಿನ ಮೇಲೆ ಸಿಕ್ಕಿಕೊಳ್ಳುವ ಕಡೆ ಲೋಹ ತುಕ್ಕಿನಂತೆ ಕೊರೆಯುತ್ತದೆ. ಹಾಗಾಗಿ ಬಟ್ಟಲು ಪ್ಲಾಸ್ಟಿಕ್ಕಿನದಾಗಿದ್ದು ಗುಂಡು ಮಾತ್ರ ಲೋಹದ್ದಾಗಿದ್ದರೂ ಈ ತೊಂದರೆ ಬರಬಹುದು.

ರಕ್ತಕ್ಕೆ ಸೇರಿದ ಕೋಬಾಲ್ಟ್ ಸೊಂಟದಲ್ಲೇ ಉಳಿಯುವುದಿಲ್ಲ. ತುಂಬಾ ಜಾಸ್ತಿಯಾದರೆ ಕಿವಿ ಮಂದವಾಗುವುದು, ಕಣ್ಣು ಮಬ್ಬಾಗುವುದು, ಕೈಕಾಲು ಜೋಮು, ಥೈರಾಯ್ಡ್ ಕುಗ್ಗುವುದು, ಮರೆವು, ಹೃದಯದ ಸ್ನಾಯು ಸೋಲುವುದು, ಇವೆಲ್ಲ ಆದ ರೋಗಿಗಳಿದ್ದಾರೆ. ನನಗೆ ಆಗಲೇ ಒಂದು ವರ್ಷದಿಂದ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕಾಲ್ಬೆರಳು ಜೋಮು ಹಿಡಿಯುತ್ತಿತ್ತು. ಕಿವಿಯ ಡಾಕ್ಟರಿಗೆ ಸೊಂಟದ ವಿಷಯ ಹೇಳಿರಲಿಲ್ಲ, ಸೊಂಟದ ಡಾಕ್ಟರಿಗೆ ಕಿವಿಯ ವಿಷಯ ಹೇಳಿರಲಿಲ್ಲ. ಎರಡಕ್ಕೂ ಸಂಬಂಧ ಇರಬಹುದೆಂದು ಹೊಳೆಯುವುದಾದರೂ ಹೇಗೆ? ದಯವಿಟ್ಟು ನೀವು ಹೇಳಿ. ಯಾವ ಡಾಕ್ಟರ ಹತ್ತಿರ ಹೋದರೂ ಮೈಯಲ್ಲಿ ಲೋಹದ ಕೀಲು ಇದೆ ಎಂದು ಮೊದಲೇ ಹೇಳಿ.

ಇನ್ನು ಹೆಸರಿನ ಹುಡುಕಾಟ. ನನ್ನ ಡಿಸ್ಚಾರ್ಜ್ ಸಮರಿಯಲ್ಲಿ ಇದ್ದದ್ದು ಒಂದೇ ಸಾಲು: ಬಲ ಸೊಂಟದ ಪೂರ್ಣ ಕೀಲು ಬದಲಾವಣೆ. ಹಳೆಯ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋದೆ. "ಇಷ್ಟು ಹಳೇ ಫೈಲು ಸಿಗಲ್ಲಮ್ಮ" ಎಂದರು ಕೌಂಟರಿನವರು. ಅರ್ಜಿ ಬರೆದುಕೊಟ್ಟೆ. ಒಂದು ತಿಂಗಳು ಕಳೆದು ಹೋದರೆ ಅರ್ಜಿಯೇ ಇಲ್ಲ. ಮತ್ತೆ ಬರೆದೆ. ಈ ಸಲ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡೆ. ಅದೊಂದು ಸಣ್ಣ ಬುದ್ಧಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಸೀಲು ಇದ್ದ ಕಾಗದ ತೋರಿಸಿದ ಮೇಲೆ ಯಾರೂ "ಕೊಟ್ಟೇ ಇಲ್ಲ" ಎನ್ನಲಿಲ್ಲ.

ಐದನೇ ತಿಂಗಳಲ್ಲಿ ಫೈಲು ಸಿಕ್ಕಿತು. ಆಪರೇಷನ್ ನೋಟ್ಸಿನ ಪುಟವೇ ಇರಲಿಲ್ಲ. ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆಗ ಹತ್ತಿರ ಬಂದವರು ಅಲ್ಲಿನ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಹಳೆಯ ಸಿಸ್ಟರ್. ಕಥೆ ಕೇಳಿ ಅವರು ಹೇಳಿದರು: "ಕೀಲಿನ ಡಬ್ಬಿಯಲ್ಲಿ ಸ್ಟಿಕ್ಕರುಗಳು ಇರುತ್ತವೆ ಅಮ್ಮಾ. ಒಂದನ್ನ ರೋಗಿಯ ಫೈಲಿಗೆ ಅಂಟಿಸ್ತೀವಿ, ಇನ್ನೊಂದನ್ನ ಓಟಿ ರಿಜಿಸ್ಟರಿಗೆ. ಫೈಲು ಕಳೆದ್ರೂ ರಿಜಿಸ್ಟರ್ ಇರಬೇಕು."

ಇತ್ತು. ದಪ್ಪ ರಟ್ಟಿನ ಉದ್ದ ಪುಸ್ತಕ, 2008 ಎಂದು ಬೆನ್ನಿನ ಮೇಲೆ ಬರೆದಿತ್ತು. ಪುಟ ತಿರುಗಿಸುತ್ತಾ ಹೋದರು. ನನ್ನ ಹೆಸರು, ವಯಸ್ಸು, ತಾರೀಖು. ಪಕ್ಕದ ಅಂಕಣದಲ್ಲಿ ಮೂರು ಬಿಳಿ ಸ್ಟಿಕ್ಕರ್. ಬಟ್ಟಲಿಗೊಂದು, ಗುಂಡಿಗೊಂದು, ಕಡ್ಡಿಗೊಂದು. ಅಂಟು ಹಳದಿಯಾಗಿ ಒಂದರ ಮೂಲೆ ಎದ್ದಿತ್ತು. ಪ್ರತಿಯೊಂದರ ಮೇಲೂ ಕಂಪನಿಯ ಹೆಸರು, ಅಳತೆ, ರೆಫ್ ಎಂದು ಮಾಡೆಲಿನ ನಂಬರು, ಲಾಟ್ ಎಂದು ಒಟ್ಟಿಗೆ ತಯಾರಾದ ಕಂತಿನ ನಂಬರು. ನಾನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮೊಬೈಲಿನಲ್ಲಿ ಫೋಟೋ ತೆಗೆದೆ. ಆಮೇಲೆ ಆ ಪುಟದ ದೃಢೀಕೃತ ಪ್ರತಿ ಬೇಕೆಂದು ಅಲ್ಲೇ ಕೂತು ಮತ್ತೊಂದು ಅರ್ಜಿ ಬರೆದೆ. ಬಿಲ್ಲಿಂಗ್ ವಿಭಾಗದ ಹಳೆಯ ಇನ್‌ವಾಯ್ಸಿನಲ್ಲೂ ಅದೇ ನಂಬರು ಇತ್ತು. ಅದನ್ನೂ ತೆಗೆದುಕೊಂಡೆ.

ಹೆಸರು ಸಿಕ್ಕಿದ ರಾತ್ರಿ ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳು. ಸ್ವೀಡನ್ 1979ರಿಂದಲೇ ಸೊಂಟದ ಕೀಲುಗಳ ರಿಜಿಸ್ಟ್ರಿ ಇಟ್ಟಿದೆ. ಆಸ್ಟ್ರೇಲಿಯಾದಲ್ಲಿದೆ, ಇಂಗ್ಲೆಂಡಿನಲ್ಲಿದೆ. ಯಾರಿಗೆ ಯಾವ ಕೀಲು ಹಾಕಿದರು, ಎಷ್ಟು ವರ್ಷಕ್ಕೆ ತೆಗೆಯಬೇಕಾಯಿತು ಎಂಬ ಲೆಕ್ಕ ಅಲ್ಲಿ ಮಾಡೆಲ್‌ವಾರು ಸಿಗುತ್ತದೆ. ನನ್ನ ಮಾಡೆಲಿನ ಸಾಲು ಮಿಕ್ಕವುಗಳಿಗಿಂತ ಕೆಟ್ಟದಾಗಿತ್ತು. ಅದನ್ನು ಕಂಪನಿ ಅಧಿಕೃತವಾಗಿ ವಾಪಸು ಕರೆಸಿರಲಿಲ್ಲ, ಸದ್ದಿಲ್ಲದೆ ಮಾರಾಟ ನಿಲ್ಲಿಸಿತ್ತು ಅಷ್ಟೇ. ರೀಕಾಲ್ ಆಗಿಲ್ಲ ಎಂದರೆ ದೋಷವಿಲ್ಲ ಎಂದು ನಾನು ತಿಳಿದಿದ್ದೆ. ಅದು ತಪ್ಪು.

ಇಂಥ ಕೀಲುಗಳಲ್ಲಿ ಹೆಚ್ಚು ಸುದ್ದಿಯಾದದ್ದು ಡೆಪ್ಯೂ ಕಂಪನಿಯ ಎಎಸ್‌ಆರ್. ನನ್ನದು ಅದಲ್ಲ. ಆದರೆ ಅದರ ಕಥೆ ಓದಿಯೇ ನನ್ನದು ಅರ್ಥವಾದದ್ದು. ಆಸ್ಟ್ರೇಲಿಯಾದ ರಿಜಿಸ್ಟ್ರಿ ಬಹಳ ಮೊದಲೇ ಎಚ್ಚರಿಸಿತ್ತು. ಅಲ್ಲಿ 2009ರ ಕೊನೆಗೆ ಅದನ್ನು ಹಿಂತೆಗೆದುಕೊಂಡರು. ಜಗತ್ತಿನ ಉಳಿದ ಕಡೆ ವಾಪಸು ಕರೆಸಿದ್ದು 2010ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಸುಮಾರು 93,000 ಜನರ ಮೈ ಸೇರಿತ್ತು. ಐದೇ ವರ್ಷದಲ್ಲಿ 100ರಲ್ಲಿ 12ರಿಂದ 13 ಜನಕ್ಕೆ ಮತ್ತೆ ಆಪರೇಷನ್ ಬೇಕಾಗುತ್ತಿದೆ ಎಂದು ಇಂಗ್ಲೆಂಡಿನ ಲೆಕ್ಕ ಆಗ ತೋರಿಸಿತ್ತು. 2013ರ ನವೆಂಬರ್‌ನಲ್ಲಿ ಅಮೆರಿಕದ ಸುಮಾರು 8,000 ರೋಗಿಗಳಿಗೆ ಹತ್ತಿರ ಹತ್ತಿರ 250 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಭಾರತದ ರೋಗಿಗಳಿಗೆ 30 ಲಕ್ಷದಿಂದ ಸುಮಾರು 1.23 ಕೋಟಿ ರೂಪಾಯಿವರೆಗಿನ ಪರಿಹಾರ ಸೂತ್ರವನ್ನು ಸರ್ಕಾರ ಒಪ್ಪುವ ಹೊತ್ತಿಗೆ 2018 ಆಗಿತ್ತು. ಕೀಲು ಒಂದೇ, ನೋವು ಒಂದೇ, ಕಾದದ್ದು ಮಾತ್ರ ಬೇರೆ ಬೇರೆ. ನನ್ನ ಸಿಟ್ಟು ಇಲ್ಲಿದೆ. ಒಂದು ಕಡೆ ಲೆಕ್ಕ ಕೂಗಿ ಹೇಳುತ್ತಿದ್ದಾಗ ಇನ್ನೊಂದು ಕಡೆ ಹಾಕುತ್ತಲೇ ಇದ್ದರಲ್ಲ.

ವಕೀಲರ ಹತ್ತಿರ ಹೋಗಲು ನನಗೆ ಮನಸ್ಸಿರಲಿಲ್ಲ. ಅಕ್ಕ ಬಲವಂತ ಮಾಡಿ ಕರೆದುಕೊಂಡು ಹೋದಳು. ಆ ವಕೀಲೆ ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ಕೀಲಿನಿಂದಲೇ ತೊಂದರೆ ಅಂತ ನಿಮಗೆ ಮೊದಲು ಗೊತ್ತಾದ ತಾರೀಖು ಯಾವುದು?" ಎಂದರು. ರಕ್ತ ಪರೀಕ್ಷೆಯ ವರದಿ ಬಂದ ದಿನ ಎಂದೆ. "ಆ ಕಾಗದ ಜೋಪಾನ" ಎಂದರು.

ಕೇಸು ಹಾಕಲು ಕಾಲಮಿತಿ ಇರುತ್ತದೆ. ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಯುರೋಪಿನ 1985ರ ನಿಯಮದಲ್ಲಿ ತೊಂದರೆ ಗೊತ್ತಾದ ದಿನದಿಂದ 3 ವರ್ಷ, ಆದರೆ ಆ ವಸ್ತು ಮಾರುಕಟ್ಟೆಗೆ ಬಂದು 10 ವರ್ಷ ಕಳೆದರೆ ಬಾಗಿಲು ಮುಚ್ಚಿದಂತೆ. ಭಾರತದ ಗ್ರಾಹಕ ಆಯೋಗಗಳಲ್ಲಿ 2 ವರ್ಷ. ಕೀಲು ನಿಧಾನಕ್ಕೆ ಕೆಡುವ ವಸ್ತು, ಕಾಲಮಿತಿಯ ಗಡಿಯಾರ ಅದಕ್ಕಾಗಿ ನಿಲ್ಲುವುದಿಲ್ಲ. ನೋವು ಬಂದದ್ದು 2011ರಲ್ಲಿ, ಅಂದೇ ಗೊತ್ತಾಗಿತ್ತು, ಆದ್ದರಿಂದ ಕಾಲ ಮುಗಿದಿದೆ ಎಂದು ಮುಂದೆ ಕಂಪನಿಯ ವಕೀಲರು ವಾದಿಸಿದರು. ಆಗ ನನ್ನನ್ನು ಕಾಪಾಡಿದ್ದು "ಏನೂ ಆಗಿಲ್ಲ" ಎಂದು ಬರೆದುಕೊಟ್ಟಿದ್ದ ಆ ಮೂರು ಹಳೆಯ ಚೀಟಿಗಳು. ಡಾಕ್ಟರಿಗೇ ಗೊತ್ತಾಗದ್ದು ರೋಗಿಗೆ ಗೊತ್ತಿತ್ತು ಎಂದು ಹೇಗೆ ಹೇಳುತ್ತಾರೆ ಎಂದು ನಮ್ಮ ವಕೀಲೆ ಕೇಳಿದರು.

ಯಾರ ಮೇಲೆ, ಯಾವುದಕ್ಕೆ ಎಂಬುದು ಎರಡನೇ ಪ್ರಶ್ನೆ. ವಿನ್ಯಾಸವೇ ಸರಿಯಿಲ್ಲ ಎನ್ನಬಹುದು. ತಯಾರಿಸುವಾಗ ಆ ಒಂದು ಲಾಟು ಕೆಟ್ಟಿತು ಎನ್ನಬಹುದು. ಗೊತ್ತಿದ್ದ ಅಪಾಯವನ್ನು ಹೇಳಲಿಲ್ಲ ಎನ್ನಬಹುದು. ಸರ್ಜನ್ ತಪ್ಪಾಗಿ ಕೂರಿಸಿದರು ಎಂಬುದು ಬೇರೆಯೇ ದಾರಿ, ಅದು ವೈದ್ಯಕೀಯ ನಿರ್ಲಕ್ಷ್ಯದ ಕೇಸು. ಕಂಪನಿಗಳು ಆಗಾಗ ಈ ಕೊನೆಯದನ್ನೇ ಗುರಾಣಿ ಮಾಡಿಕೊಳ್ಳುತ್ತವೆ. ನಮ್ಮಲ್ಲೂ ಹಾಗೇ ಆಯಿತು. ಬಟ್ಟಲು ಜಾಸ್ತಿ ನೆಟ್ಟಗೆ ಕೂತಿದೆ, ಅದಕ್ಕೇ ಸವೆಯಿತು ಎಂದರು. ನಮ್ಮ ತಜ್ಞರು 2008ರ ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆದರು. 44 ಡಿಗ್ರಿ. ಸಾಮಾನ್ಯವಾಗಿ 30ರಿಂದ 50ರ ಒಳಗೆ ಇರಬೇಕು ಎನ್ನುತ್ತಾರೆ. ನಾಲ್ಕು ವರ್ಷ ಬೀರುವಿನ ಮೇಲೆ ಧೂಳು ತಿಂದ ಆ ಹಳೇ ಫಿಲ್ಮು ಆ ವಾದವನ್ನು ಮುಗಿಸಿತು.

ಎರಡನೇ ಆಪರೇಷನ್ 2013ರಲ್ಲಿ ಆಯಿತು. ಅದಕ್ಕೆ ಮೊದಲು ವಕೀಲೆ ನನ್ನಿಂದ ಆಸ್ಪತ್ರೆಗೆ ಒಂದು ಪತ್ರ ಬರೆಸಿದರು. ತೆಗೆದ ಕೀಲನ್ನು ಎಸೆಯಬಾರದು, ಕಂಪನಿಯ ಪ್ರತಿನಿಧಿಗೆ ಕೊಡಬಾರದು, ಭಾಗಗಳ ಫೋಟೋ ತೆಗೆದು, ಹೆಸರು ತಾರೀಖು ಬರೆದು, ಸೀಲು ಮಾಡಿ ಇಡಬೇಕು, ಮಾಂಸದ ತುಂಡು ಪರೀಕ್ಷೆಗೆ ಹೋಗಬೇಕು ಎಂದು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಪ್ರತಿ ಸಲ ಸಹಿ. ಇದು ಅತಿಯಾಯಿತೇನೋ ಎನಿಸಿತ್ತು. ಆದರೆ ಆಪರೇಷನ್ ಆದ ಎರಡೇ ವಾರಕ್ಕೆ ಕಂಪನಿಯಿಂದ ಪತ್ರ ಬಂತು. ಬಹಳ ವಿನಯದ ಪತ್ರ. ಕೀಲನ್ನು ಕಳಿಸಿಕೊಟ್ಟರೆ ನಾವೇ ಪರೀಕ್ಷಿಸುತ್ತೇವೆ, ಪರೀಕ್ಷೆಗಳ ಖರ್ಚನ್ನೂ ಕೊಡುತ್ತೇವೆ ಎಂದಿತ್ತು. ಜೊತೆಗೆ ಸಹಿ ಮಾಡಲು ಎರಡು ಹಾಳೆ. ಎರಡನೇ ಹಾಳೆಯ ನಡುವೆ ಒಂದು ಸಾಲು: ಮುಂದೆ ಈ ವಿಷಯದಲ್ಲಿ ಯಾವ ದಾವೆಯನ್ನೂ ಹೂಡುವುದಿಲ್ಲ. ನಾನು ಒಬ್ಬಳೇ ಇದ್ದಿದ್ದರೆ ಸಹಿ ಮಾಡಿಬಿಡುತ್ತಿದ್ದೆ. ಕೈಯಲ್ಲಿ ದುಡ್ಡೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

ಆ ಕೀಲನ್ನು ನಾನು ಒಮ್ಮೆ ನೋಡಿದೆ, ತಜ್ಞರ ಲ್ಯಾಬಿನಲ್ಲಿ. ಗುಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನನ್ನ ಮುಖವೇ ಕಾಣುತ್ತಿತ್ತು. ಒಂದು ಕಡೆ ಮಾತ್ರ ಅರ್ಧ ಚಂದ್ರನ ಆಕಾರಕ್ಕೆ ಮಂಕಾಗಿತ್ತು. ಅಲ್ಲಿ ಬಟ್ಟಲಿನ ಅಂಚು ಉಜ್ಜಿದೆ ಎಂದರು. ಆಮೇಲೆ ಗುಂಡನ್ನು ತಿರುಗಿಸಿ, ಕಡ್ಡಿ ಸೇರುವ ತೂತು ತೋರಿಸಿದರು. ಒಳಗೆಲ್ಲ ಕಪ್ಪು, ದೀಪದ ಮಸಿ ಹಿಡಿದ ಹಾಗೆ. ಅಷ್ಟು ಚಿಕ್ಕ ಮಸಿ ನನ್ನ ತೊಡೆಯ ಸ್ನಾಯುವನ್ನು ತಿಂದಿತ್ತು.

ಮೊದಲ ಆಪರೇಷನ್ನಿಗೂ ಎರಡನೆಯದಕ್ಕೂ ಹೋಲಿಕೆಯೇ ಇಲ್ಲ. ನಾಲ್ಕು ಗಂಟೆ ಹಿಡಿಯಿತು. ಕಡ್ಡಿ ಮೂಳೆಗೆ ಗಟ್ಟಿಯಾಗಿ ಕೂತಿದ್ದರಿಂದ ಅದನ್ನು ಬಿಟ್ಟು, ಗುಂಡು ಮತ್ತು ಬಟ್ಟಲು ಬದಲಿಸಿದರು. ಈಗಿನದು ಸೆರಾಮಿಕ್ ಗುಂಡು, ಪ್ಲಾಸ್ಟಿಕ್ ಒಳಪದರ. ಸತ್ತ ಸ್ನಾಯುವನ್ನು ಕತ್ತರಿಸಿ ತೆಗೆದರು. ಅದು ಮತ್ತೆ ಬೆಳೆಯುವುದಿಲ್ಲ. ಆರನೇ ವಾರ ಹಾಸಿಗೆಯಿಂದ ಏಳುವಾಗ ಕೀಲು ಜಾರಿ ಆಚೆ ಬಂತು. ಆ ನೋವನ್ನು ಬರೆಯಲಾರೆ. ಈಗಲೂ ಕುಂಟುತ್ತೇನೆ, ದೂರ ಹೋಗುವುದಾದರೆ ಕೋಲು ಬೇಕು. ಆದರೆ ಕೋಬಾಲ್ಟ್ ಬೇಗ ಇಳಿಯಿತು. ವರ್ಷ ತುಂಬುವ ಹೊತ್ತಿಗೆ 2ಕ್ಕೆ ಬಂತು. ಕ್ರೋಮಿಯಂ ನಿಧಾನಕ್ಕೆ ಇಳಿಯಿತು. ಕಾಲ್ಬೆರಳಿನ ಜೋಮು ಹೋಯಿತು. ಕಿವಿಯ ಗುಂಯ್ ಹೋಗಿಲ್ಲ.

ಕೇಸು ನಾಲ್ಕು ವರ್ಷಕ್ಕೂ ಜಾಸ್ತಿ ನಡೆಯಿತು. ಅದರ ದಿನಚರಿ ಹೇಳಿ ಬೇಸರ ಮಾಡುವುದಿಲ್ಲ. ಬಹುಪಾಲು ಕಾಯುವುದೇ. ಅದೇ ಮಾಡೆಲಿನ ಇನ್ನೂ ಕೆಲವರು ಜೊತೆ ಸೇರಿದರು. ತಜ್ಞರ ಖರ್ಚು ಹಂಚಿಕೊಂಡೆವು. ಒಬ್ಬೊಬ್ಬರೇ ಹೋಗಿದ್ದರೆ ಯಾರಿಗೂ ಆಗುತ್ತಿರಲಿಲ್ಲ.

ರಾಜಿ ಮಾತುಕತೆ ನಡೆಯುತ್ತಿದ್ದಾಗಲೇ, 2018ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಹೈಕೋರ್ಟಿನ ಒಂದು ತೀರ್ಪು ಬಂತು. ಅದು ಪಿನ್ನಕಲ್ ಎಂಬ ಲೋಹದ ಕೀಲಿನ ಬಗ್ಗೆ. ಸುಮಾರು 300 ರೋಗಿಗಳು ಸೋತರು. ಎಲ್ಲ ಕೀಲೂ ಪುಡಿ ಉದುರಿಸುತ್ತದೆ, ಪುಡಿಗೆ ದೇಹ ಪ್ರತಿಕ್ರಿಯಿಸಿತು ಎಂದ ಮಾತ್ರಕ್ಕೆ ದೋಷ ಎನ್ನಲಾಗದು, ಹೋಲಿಕೆಯ ಬೇರೆ ಕೀಲುಗಳಿಗಿಂತ ಇದು ಹೆಚ್ಚು ಕೆಡುತ್ತದೆ ಎಂದು ತೋರಿಸಬೇಕು, ಅದನ್ನು ತೋರಿಸಲಿಲ್ಲ ಎಂದಿತು ಕೋರ್ಟು. ಅದೇ ಪಿನ್ನಕಲ್ ಮೇಲೆ ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲಿ ಜ್ಯೂರಿ 6 ರೋಗಿಗಳಿಗೆ 100 ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಹೇಳಿತ್ತು, ಆಮೇಲೆ ನ್ಯಾಯಾಧೀಶರು ಅದನ್ನು ತಗ್ಗಿಸಿದರು. ಇದನ್ನೆಲ್ಲ ಓದಿ ನಮ್ಮ ಗುಂಪಿನಲ್ಲಿ ಇಬ್ಬರಿಗೆ ಧೈರ್ಯವೇ ಹೋಯಿತು. "ನಮ್ಮ ಮಾಡೆಲಿಗೆ ರಿಜಿಸ್ಟ್ರಿಯ ಲೆಕ್ಕ ಇದೆ" ಎಂದು ವಕೀಲೆ ಸಮಾಧಾನ ಹೇಳಿದರು. ಆದರೂ ನಾವು ರಾಜಿಗೆ ಒಪ್ಪಿದೆವು.

ಮೊತ್ತವನ್ನು ಹೇಳುವಂತಿಲ್ಲ ಎಂದು ಒಪ್ಪಂದದಲ್ಲಿದೆ. ಆಪರೇಷನ್ನಿನ ಸಾಲ ತೀರಿತು, ಸ್ವಲ್ಪ ಉಳಿಯಿತು. ತಪ್ಪಾಯಿತು ಎಂಬ ಮಾತು ಆ ಹಾಳೆಗಳಲ್ಲಿ ಎಲ್ಲೂ ಇಲ್ಲ. ನನಗೆ ಬೇಕಿದ್ದದ್ದು ಅದೇ. ಕೇಸು ಗೆಲ್ಲಲಿ ಸೋಲಲಿ, ಕೀಲು ಕೆಟ್ಟ ವಿಷಯವನ್ನು ನಿಯಂತ್ರಣ ಸಂಸ್ಥೆಗೆ ಬರೆದು ತಿಳಿಸುವುದನ್ನು ಮಾತ್ರ ನಾವು ಯಾರೂ ಬಿಡಲಿಲ್ಲ. ಅಮೆರಿಕದಲ್ಲಿ ಮೆಡ್‌ವಾಚ್, ಬ್ರಿಟನ್ನಿನಲ್ಲಿ ಯೆಲ್ಲೋ ಕಾರ್ಡ್, ಭಾರತದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದಕ್ಕೇ ಇವೆ. ರೋಗಿಯೇ ಬರೆಯಬಹುದು, ಕೇಸು ಹಾಕಿರಲೇಬೇಕೆಂದಿಲ್ಲ. ಆ ಲೆಕ್ಕ ಬೆಳೆದರೆ ತಾನೇ ಮುಂದಿನವರಿಗೆ ಬೇಗ ಗೊತ್ತಾಗುವುದು?

ಈಗ ಎಡಗಡೆಯ ಸೊಂಟವೂ ಕುಸಿದಿದೆ. ಅದೇ ರೋಗ. ಕೀಲು ಬದಲಿಸದೆ ಬೇರೆ ದಾರಿಯಿಲ್ಲ. ಹೆದರಿಕೆ ಇಲ್ಲ ಎಂದರೆ ಸುಳ್ಳು. ಕಳೆದ ತಿಂಗಳು ಡಾಕ್ಟರ ಹತ್ತಿರ ಹೋದಾಗ ನಾನೇ ಕೇಳಿದೆ: "ಯಾವ ಮಾಡೆಲ್ ಹಾಕ್ತೀರಿ ಡಾಕ್ಟ್ರೇ? ಹತ್ತು ವರ್ಷದಲ್ಲಿ ಎಷ್ಟು ಜನಕ್ಕೆ ತೆಗೆಯಬೇಕಾಗಿದೆ?" ಅವರು ಬೇಸರಪಡಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬ್ರಿಟನ್ನಿನಲ್ಲಿ 2014ರಿಂದ ಹತ್ತು ವರ್ಷಕ್ಕೆ 100ರಲ್ಲಿ 5ಕ್ಕಿಂತ ಜಾಸ್ತಿ ಕೆಡುವ ಕೀಲನ್ನು ಬಳಸಬೇಡಿ ಎನ್ನುತ್ತಾರೆ. ಓಡೆಪ್ ಎಂಬ ಸಮಿತಿ ಲೆಕ್ಕ ನೋಡಿ ಒಂದೊಂದು ಕೀಲಿಗೂ ದರ್ಜೆ ಕೊಡುತ್ತದೆ. ಅವರು ತೋರಿಸಿದ್ದಕ್ಕೆ ಒಳ್ಳೆಯ ದರ್ಜೆ ಇತ್ತು. ಸೆರಾಮಿಕ್ ಗುಂಡು, ಪ್ಲಾಸ್ಟಿಕ್ ಒಳಪದರ. ಹೆಸರನ್ನು ಅಕ್ಷರ ಅಕ್ಷರ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಪರೇಷನ್ ಬರುವ ತಿಂಗಳು. ಬಟ್ಟಲು, ಒಳಪದರ, ಗುಂಡು, ಕಡ್ಡಿ, ನಾಲ್ಕು ಸ್ಟಿಕ್ಕರ್ ಬರುತ್ತವೆ. ಓಟಿ ಸಿಸ್ಟರಿಗೆ ಈಗಲೇ ಹೇಳಿಟ್ಟಿದ್ದೇನೆ, ನೋಟ್‌ಬುಕ್ಕಿನಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ.